ಸುಹೈಲನ ಹಾಲುತಂಗಿ

ರಾಸ್ ಅಲ್ ಖೈಮಾ
ಜನವರಿ ೧೯, ೨೦೧೭

ಮೌಜಾ,

ಬೆಳಗಿನ ಜಾವ ಮೂರೂಕಾಲು. ಹಕ್ಕಿ ಕೂಗಿ ಎಚ್ಚರವಾಯಿತು. ಈ ಹೊತ್ತಿಗೆ ಅದೆಂಥ ಹಕ್ಕಿ ಎಂದು ಬೇರೆಯವರಾದರೆ ಕೇಳಿಯಾರು, ನೀನು ಕೇಳಲಾರೆ. ಚೀತಾ ಮರಿ ಹೇಗೆ ಕರೆಯುತ್ತದೆಂದು ಪ್ರಾಣಿವೈದ್ಯೆಗೆ ನಾನೇನು ಹೇಳಲಿ? ನಮ್ಮ ರೀಮಾ ಮಗುವಿನ ಕೋಣೆಯ ಬಾಗಿಲಿಗೆ ಮೂತಿ ಹಚ್ಚಿ ಚೀಂವ್ ಚೀಂವ್ ಎನ್ನುತ್ತಿದ್ದಳು. ಒಳಗೆ ಸುಹೈಲ್ ಎದ್ದು, ತೊಟ್ಟಿಲ ಸರಳು ಹಿಡಿದುಕೊಂಡು ನಗುತ್ತಿದ್ದ. ಅವಳನ್ನು ಅಂಗಳಕ್ಕೆ ಅಟ್ಟಿ ಬಂದೆ. ಇನ್ನು ನಿದ್ದೆಯ ಮಾತಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ.

ಜಗಳಕ್ಕೆ ಬರೆಯುತ್ತಿಲ್ಲ, ಹೆದರಬೇಡ. "ಹಸುಗೂಸಿರುವ ಮನೆಯಲ್ಲಿ ಚೀತಾ ಸಾಕುವವರಿಗೆ ಬುದ್ಧಿಯನ್ನು ಯಾವ ಅಂಗಡಿಯಿಂದ ತಂದುಕೊಡೋಣ" ಎಂದು ಟೀವಿಯಲ್ಲಿ ಅಂದೆಯಲ್ಲ, ಆಗ ಸುಹೈಲ್ ನನ್ನ ಮಡಿಲಲ್ಲೇ ಇದ್ದ. ರೀಮಾ ಕಾಲ ಬಳಿ ಮಲಗಿದ್ದಳು. ಮಾರನೇ ದಿನ ಫೋನ್ ಮಾಡಿದರೆ ನಿನ್ನ ನಂಬರ್ ಸತ್ತುಹೋಗಿತ್ತು. ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಇದ್ದವಳು ಒಂದೇ ದಿನಕ್ಕೆ ಬಾಗಿಲು ಹಾಕಿಕೊಂಡಳಲ್ಲ ಎಂದು ಅತ್ತೆ. ಈಗ ನಿಮ್ಮ ವನ್ಯಪ್ರಾಣಿ ಕೇಂದ್ರದ ಅಂಚೆಪೆಟ್ಟಿಗೆಯ ಸಂಖ್ಯೆ ಹಿಡಿದು ಬರೆಯುತ್ತಿದ್ದೇನೆ. ಇಷ್ಟನ್ನು ಓದಿದ್ದರೆ ಅದಕ್ಕೇ ನಾನು ಋಣಿ.

ಹೊಸ ಕಾನೂನಿನ ಸುದ್ದಿ ಬಂದಾಗಿನಿಂದ ನಮ್ಮ ಮನೆಯ ಮಜ್ಲಿಸ್‌ನಲ್ಲಿ ಬಂದು ಕೂಡುವ ಗಂಡಸರಿಗೆ ಬೇರೆ ಮಾತೇ ಇಲ್ಲ. ಸಿಂಹ, ಹುಲಿ, ಚೀತಾ ಯಾವುದನ್ನೂ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲವಂತೆ. ಗಡುವಿನೊಳಗೆ ತಾವಾಗಿ ಒಪ್ಪಿಸಿದರೆ ಸರಿ, ಆಮೇಲೆ ಸಿಕ್ಕಿಬಿದ್ದರೆ ಜೈಲಂತೆ. ಕಾಫಿ ಕಳಿಸುವಾಗ ಪರದೆಯ ಆಚೆಯಿಂದ ಎಲ್ಲ ಕೇಳಿಸುತ್ತದೆ. "ಗಿಡುಗಕ್ಕೆ ಪಾಸ್‌ಪೋರ್ಟ್ ಮಾಡಿಕೊಡ್ತಾರೆ, ವಿಮಾನದಲ್ಲಿ ಸೀಟ್ ಕೊಡ್ತಾರೆ. ನನ್ನ ರೀಮಾ ಏನ್ ಪಾಪ ಮಾಡಿದ್ಲು?" ಇದು ನನ್ನ ಗಂಡ ಹುಮೈದ್. "ನಮ್ಮಜ್ಜಂದಿರು ಯಾರ ಅಪ್ಪಣೆ ಕೇಳಿ ಸಾಕಿದ್ರು?" ಇದು ಅವನ ಅಣ್ಣ, ಒಬೈದ್ ಭಾವ. ಮೂಲೆಯಿಂದ ಯಾರೋ ಮುದುಕರು: "ನಿಮ್ಮಜ್ಜ ಸಾಕಿದ್ದು ಮೇಕೆ ಕಣೋ. ಅದರಲ್ಲೂ ಒಂದು ನಮ್ಮದು."

ಎಲ್ಲರೂ ನಕ್ಕರು. ಹುಮೈದ್ ನಗಲಿಲ್ಲ. ಮರಿ ಬಂದ ಹೊಸದರಲ್ಲಿ ವಾಂತಿ ಭೇದಿ ಹತ್ತಿ ಇನ್ನೇನು ಹೋಯಿತು ಅನ್ನುವಾಗ, ಅದನ್ನು ಎದೆಯ ಮೇಲೆ ಮಲಗಿಸಿಕೊಂಡು ರಾತ್ರಿಯೆಲ್ಲ ಕೂತಿದ್ದವನು ಅವನು. ಶೋಕಿಗೆ ತಂದ, ಹೌದು. ಆದರೆ ಈಗ ಅದು ಶೋಕಿಯಾಗಿ ಉಳಿದಿಲ್ಲ.

ನಾನು ಕೇಳಬೇಕಾದದ್ದು ಎರಡೇ. ರೀಮಾ ಕುಂಟುತ್ತಿದ್ದಾಳೆ. ಮುಂಗಾಲು ಬಿಲ್ಲಿನ ಹಾಗೆ ಬಾಗಿವೆ, ಎದ್ದು ನಿಲ್ಲುವಾಗ ನರಳುತ್ತಾಳೆ. ಆಸ್ಪತ್ರೆಗೆ ಒಯ್ದರೆ ಅಲ್ಲಿಂದಲೇ ವರದಿ ಹೋಗುತ್ತದೆಂದು ಹುಮೈದ್ ಒಯ್ಯುವುದಿಲ್ಲ. ಏನು ಮಾಡಲಿ? ಎರಡನೆಯದು: ಒಪ್ಪಿಸಿದ ಪ್ರಾಣಿಗಳನ್ನು ನೀವು ಚುಚ್ಚಿ ಮಲಗಿಸಿಬಿಡುತ್ತೀರಂತೆ ಎಂದು ಒಬೈದ್ ಭಾವ ಹೇಳುತ್ತಾರೆ. ನಿಜವಾ?

ಸುಹೈಲ್ ಮತ್ತೆ ಎದ್ದ. ಇವತ್ತಿಗಿಷ್ಟು.

ನಿನ್ನ
ಅಫ್ರಾ


ಅಲ್ ಐನ್
ಫೆಬ್ರವರಿ ೨

ಸುಹೈಲನ ಅಮ್ಮನಿಗೆ,

ಕಾಗದ ಸಿಕ್ಕಿತು. ನಿನ್ನ ಅಕ್ಷರ ಇನ್ನೂ ಸುಧಾರಿಸಿಲ್ಲ.

ನಾನು ಯಾವ ಬಾಗಿಲನ್ನೂ ಹಾಕಿಕೊಂಡಿಲ್ಲ. ಆ ಕಾರ್ಯಕ್ರಮ ಮುಗಿದ ರಾತ್ರಿಯಿಂದ ಕಂಡುಕೇಳರಿಯದ ಗಂಡಸರು ಫೋನ್ ಮಾಡಿ, ನನ್ನನ್ನು ಯಾವ ಪಂಜರದಲ್ಲಿ ಕೂಡಬೇಕು, ಯಾವ ಪ್ರಾಣಿಗೆ ಹಾಕಬೇಕು ಎಂದು ವಿವರವಾಗಿ ಹೇಳತೊಡಗಿದರು. ಸಿಮ್ ಮುರಿದು ಎಸೆದೆ. ಈಗಿನ ನಂಬರ್ ಇರುವುದು ನನ್ನ ಅಮ್ಮನ ಹತ್ತಿರ, ಕೇಂದ್ರದ ಹತ್ತಿರ. ನಿನಗೂ ಕೊಡಲಾರೆ. ನಿನ್ನ ಮೇಲಿನ ಅನುಮಾನದಿಂದಲ್ಲ. ನಿಮ್ಮ ಮನೆಯಲ್ಲಿ ನಿನ್ನ ಫೋನ್ ಯಾರ್ಯಾರ ಕೈ ಸುತ್ತುತ್ತದೆಂದು ನನಗೆ ಗೊತ್ತಿಲ್ಲ. ನಿನ್ನ ನಂಬರ್ ನನ್ನ ಬಳಿ ಇದೆ, ಅಳಿಸಿಲ್ಲ. ಆದರೆ ಫೋನ್ ಗಂಟೆ ಹೊಡೆದರೆ ಇನ್ನೂ ಎದೆ ಹಾರುತ್ತದೆ. ಸದ್ಯಕ್ಕೆ ಕಾಗದವೇ ಇರಲಿ.

ಕಾಲಿನ ವಿಷಯ. ಬರೀ ಕೋಳಿಯ ಎದೆಮಾಂಸ ಹಾಕುತ್ತಿದ್ದೀರಿ, ಅಲ್ಲವಾ? ಎಲ್ಲರೂ ಅದನ್ನೇ ಹಾಕುವುದು. ಮೂಳೆಯಿಲ್ಲದ ಮೆತ್ತನೆ ಮಾಂಸ, ಪ್ರೀತಿಯಿಂದ. ಆ ಪ್ರೀತಿಗೆ ಮರಿಯ ಮೂಳೆ ಸುಟ್ಟ ಹಪ್ಪಳವಾಗುತ್ತದೆ. ನಾಳೆಯಿಂದ ಮೂಳೆ, ಕರುಳು ಸಮೇತ ಇಡೀ ಗೌಜಲಕ್ಕಿ, ಮೊಲ ಕೊಡಿ. ಇದರ ಜೊತೆ ಪುಡಿ ಕಳಿಸಿದ್ದೇನೆ, ಊಟದ ಮೇಲೆ ಉದುರಿಸಿ. ಬೆಳಗಿನ ಬಿಸಿಲಿನಲ್ಲಿ ಬಿಡಿ. ನಿಮ್ಮ ಆ ಹೊಳೆಯುವ ಮಾರ್ಬಲ್ ನೆಲದ ಮೇಲೆ ಓಡಿಸಬೇಡಿ, ಜಮಖಾನ ಹಾಸಿ.

ಚುಚ್ಚುವುದಿಲ್ಲ. ಆದರೆ ಕಾಡಿಗೂ ಬಿಡುವುದಿಲ್ಲ. ಬೇಟೆ ಕಲಿಸುವ ತಾಯಿ ಅವಳಿಗೆ ಸಿಗಲಿಲ್ಲ. ಸಮುದ್ರದಾಚೆ ಎಲ್ಲೋ ಆ ತಾಯಿಯಿಂದ ಕಿತ್ತು, ಪೆಟ್ಟಿಗೆಯಲ್ಲಿ ತುಂಬಿ, ದೋಣಿಯಲ್ಲಿ ತಂದಿರುತ್ತಾರೆ. ಜೊತೆಗಿದ್ದ ಮರಿಗಳು ದಾರಿಯಲ್ಲಿ ಸತ್ತಿರುತ್ತವೆ. ನಿನ್ನ ಗಂಡ ನೋಡಿದ್ದು ಬದುಕಿ ಬಂದದ್ದನ್ನು ಮಾತ್ರ. ನಮ್ಮಲ್ಲಿಗೆ ಬಂದರೆ ಬೇಲಿಯೊಳಗೇ ಇರಬೇಕು. ಅಗಲವಾದ ಬೇಲಿ, ತನ್ನ ಜಾತಿಯವರ ಜೊತೆ. ಇದಕ್ಕಿಂತ ಚೆಂದದ ಕಥೆ ನನ್ನ ಹತ್ತಿರ ಇಲ್ಲ.

ಇನ್ನೊಂದು, ಇದನ್ನು ಎರಡು ಸಲ ಓದು. ಸುಹೈಲ್ ನಡೆಯಲು ಶುರುಮಾಡಿದ ಮೇಲೆ ಅವಳ ಮುಂದೆ ಅವನನ್ನು ಒಬ್ಬನೇ ಬಿಡಬೇಡ. ತಪ್ಪುಹೆಜ್ಜೆ ಇಡುತ್ತ ದೂರ ಓಡುವ ಚಿಕ್ಕ ಜೀವವನ್ನು ಅವಳು ಹಿಂದಿನಿಂದ ನೋಡಬಾರದು. ಅವಳು ಕೆಟ್ಟವಳಲ್ಲ. ಅವಳು ಚೀತಾ.

ಅಂದಹಾಗೆ, ಎಳೆ ಮರಿಯಾಗಿದ್ದಾಗ ಅವಳಿಗೆ ಯಾವ ಹಾಲು ಕೊಟ್ಟಿರಿ? ಅದು ತಿಳಿದರೆ ಮದ್ದಿನ ಅಳತೆ ಹೇಳಬಹುದು.

ಮೌಜಾ


ರಾಸ್ ಅಲ್ ಖೈಮಾ
ಮಾರ್ಚ್ ೩

ನನ್ನ ಮೌಜಾ,

ಅವಳು ನಡೆಯುತ್ತಿದ್ದಾಳೆ! ನೇರವಾಗಿ ಅಲ್ಲ, ಆದರೆ ನರಳುವುದಿಲ್ಲ. ನಿನ್ನೆ ಮಜ್ಲಿಸ್‌ನ ದಿಂಬಿನ ಮೇಲಕ್ಕೆ ಹಾರಿದಳು. ನಿನಗೆ ಎಷ್ಟು ಸಲ ಕೈಮುಗಿದೆನೋ ದೇವರಿಗೇ ಗೊತ್ತು.

ಪುಡಿ ಎಲ್ಲಿಂದ ಬಂತೆಂದು ಹುಮೈದ್ ಕೇಳಿದ. ಸುಳ್ಳು ಹೇಳಲಿಲ್ಲ. "ಆ ಟೀವಿ ಡಾಕ್ಟರಾ?" ಎಂದು ಮುಖ ಗಂಟು ಹಾಕಿದ. ಪೊಟ್ಟಣವನ್ನು ಮೂಸಿದ, ಬೆಳಕಿಗೆ ಹಿಡಿದ. ಆಮೇಲೆ ತಾನೇ ಕೂತು ಮಾಂಸಕ್ಕೆ ಸವರಿದ. ಇವತ್ತು ನಾನು ಬರೆಯಲು ಕೂತದ್ದು ನೋಡಿ, "ಅವಳಿಗೆ ಹೇಳು..." ಅಂದ. ಏನು ಹೇಳಲಿ ಅಂದೆ. "ಏನಿಲ್ಲ. ಪುಡಿ ಮುಗೀತಾ ಬಂತು ಅಂತ ಹೇಳು." ಇದು ಅವನ ಬಾಯಿಯ ಧನ್ಯವಾದ, ತಿಳಿದುಕೋ.

ಇನ್ನು ಹಾಲಿನ ವಿಷಯ. ನಗಬೇಡ.

ಮರಿ ಬಂದಾಗ ಸುಹೈಲನಿಗೆ ಎರಡು ತಿಂಗಳು. ನನಗೆ ಹಾಲು ಹೆಚ್ಚು. ಹಿಂಡಿ, ಚೀಲಗಳಲ್ಲಿ ಕಟ್ಟಿ ಫ್ರೀಜರಿನಲ್ಲಿ ಇಡುತ್ತಿದ್ದೆ. ಅಂಗಡಿಯ ಹಾಲಿನ ಪುಡಿ, ಮೇಕೆ ಹಾಲು, ಯಾವುದು ಕೊಟ್ಟರೂ ಮರಿ ಕಕ್ಕುತ್ತಿತ್ತು. ಒಂದು ದಿನ ನೋಡುತ್ತೇನೆ, ನಮ್ಮತ್ತೆ ಸಲಾಮಾ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು, ಮರಿಯನ್ನು ಮಡಿಲಲ್ಲಿ ಹಾಕಿಕೊಂಡು, ಬಾಟಲಿ ಹಿಡಿದಿದ್ದಾರೆ. ಅದು ಚಪ್ಪರಿಸಿ ಕುಡಿಯುತ್ತಿದೆ.

"ಅತ್ತೆ, ಅದು ಯಾವ ಹಾಲು?"

"ಫ್ರೀಜರಲ್ಲಿ ರಾಶಿ ಬಿದ್ದಿತ್ತಲ್ಲ."

"ಅದು ನಂದು!"

"ಗೊತ್ತಮ್ಮ. ಒಂಟೆದು ಅಂದ್ಕೊಂಡ್ಯಾ? ನಿನ್ನ ಮಗ ಕುಡಿದು ಕೊಬ್ಬಿದಾನೆ, ಇದು ಸಾಯ್ತಿದೆ. ಸುಮ್ನೆ ಕೂತ್ಕೋ."

ಆ ಹಾಲಿನಲ್ಲೇ ಮರಿ ಬದುಕಿತು. ಆದರೆ ಮುದುಕಿಗೆ ಆಮೇಲೆ ಹೊಳೆಯಿತು. ಒಂದೇ ಎದೆಹಾಲು ಕುಡಿದವರು ಒಡಹುಟ್ಟಿದವರಲ್ಲವೇ, ಅವರಿಗೆ ಮದುವೆ ಕೂಡದಲ್ಲವೇ? ನೆರೆಮನೆಯ ಹೆಣ್ಣುಕೂಸಿಗೆ ಹಿಂದೆ ಅತ್ತೆಯೇ ಕೆಲವು ದಿನ ಹಾಲೂಡಿಸಿದ್ದಕ್ಕೆ ಒಬೈದ್ ಭಾವನಿಗೆ ಆ ಹುಡುಗಿಯ ಸಂಬಂಧ ತಪ್ಪಿಹೋದದ್ದು ಈ ಮನೆಯಲ್ಲಿ ಇನ್ನೂ ಯಾರೂ ಮರೆತಿಲ್ಲ. "ಹಂಗಾದ್ರೆ ರೀಮಾ ನಮ್ಮ ಸುಹೈಲನ ಹಾಲುತಂಗಿ" ಎಂದು ಎಲ್ಲರೆದುರು ಸಾರಿದರು. "ಇನ್ನು ಅವನಿಗೆ ಇವಳನ್ನ ತಂದುಕೊಳ್ಳೋ ಹಾಗಿಲ್ಲ, ಅಷ್ಟೇ ನಷ್ಟ."

ಅವತ್ತು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈಗ ಕಾನೂನು ಬಂದ ಮೇಲೆ ಆ ತಮಾಷೆಯೇ ಗೋಡೆಯಾಗಿ ನಿಂತಿದೆ. ಒಪ್ಪಿಸೋಣವೇ ಎಂದು ನಾನು ಬಾಯಿ ತೆರೆದರೆ ಅತ್ತೆ, "ಹಾಲು ಕುಡಿದ ಕೂಸನ್ನ ಸರ್ಕಾರಕ್ಕೆ ಕೊಡ್ತಾರೇನೇ? ನಾಳೆ ಸುಹೈಲನ್ನೂ ಕೇಳ್ತಾರೆ, ಕೊಡ್ತೀಯಾ?" ಅನ್ನುತ್ತಾರೆ. ಹುಮೈದನಿಗೆ ಬೇಕಾದದ್ದೂ ಅದೇ. ನಮ್ಮ ಮಸೀದಿಯ ಇಮಾಮರನ್ನು ಕೇಳಿಸಿದೆ. ಅವರು ಬಿದ್ದೂ ಬಿದ್ದೂ ನಕ್ಕು, ಪ್ರಾಣಿಗೆ ಅಂಥ ನಂಟೆಲ್ಲ ಇಲ್ಲ ಎಂದರಂತೆ. ಅತ್ತೆ ಅದನ್ನೂ ಒಪ್ಪಲಿಲ್ಲ: "ಅವನು ಎಷ್ಟು ಮಕ್ಕಳಿಗೆ ಹಾಲು ಕೊಟ್ಟಿದಾನೆ, ತಿಳಿಯೋಕೆ?"

ನಾನೂ ಎರಡೂ ಕಡೆ ವಾಲುತ್ತೇನೆ, ಮೌಜಾ. ಹಗಲಲ್ಲಿ ಅವಳು ನನ್ನ ಪಾದದ ಮೇಲೆ ಗಲ್ಲವಿಟ್ಟು ಗುರುಗುರು ಅನ್ನುವಾಗ, ಯಾವ ಕಾನೂನು, ಯಾರ ಕಾನೂನು ಅನ್ನಿಸುತ್ತದೆ. ರಾತ್ರಿ ನಿನ್ನ ಕಾಗದದ ಆ ಸಾಲನ್ನು ಮತ್ತೆ ತೆಗೆದು ಓದುತ್ತೇನೆ. ಸುಹೈಲ್ ಈಗ ಸೋಫಾ ಹಿಡಿದು ನಿಲ್ಲುತ್ತಾನೆ.

ನೀನು ಸುಮ್ಮನೆ ಧೈರ್ಯ ಹೇಳದೆ ನಿಜ ಹೇಳಿದೆಯಲ್ಲ, ಅದಕ್ಕೆ ಬದುಕಿರುವವರೆಗೂ ನಿನ್ನ ನೆನೆಯುತ್ತೇನೆ.

ನಿನ್ನ
ಅಫ್ರಾ


ಅಲ್ ಐನ್
ಮಾರ್ಚ್ ೨೨

ಅಫ್ರಾ,

ನಗಬೇಡ ಅಂದೆ. ನಾನು ಕೇಂದ್ರದಲ್ಲಿ ಕಾಗದ ಓದುತ್ತ ಎಷ್ಟು ನಕ್ಕೆನೆಂದರೆ ಆಚೆ ಬೇಲಿಯ ಕತ್ತೆಕಿರುಬ ಉತ್ತರ ಕೊಟ್ಟಿತು. ಅಮ್ಮನಿಗೂ ಓದಿ ಹೇಳಿದೆ. "ಆ ಸಲಾಮಾ ಅನ್ನೋರು ನನಗೆ ಇಷ್ಟವಾದ್ರು ಕಣೇ" ಅಂದಳು. ಪುಡಿ ಇನ್ನೊಂದು ಪೊಟ್ಟಣ ಇದೆ. ಅವನ ಧನ್ಯವಾದ ತಲುಪಿತು.

ನಗು ಮುಗಿದ ಮೇಲೆ ಒಂದು ಮಾತು. ನಿಮ್ಮತ್ತೆಯ ಲೆಕ್ಕವನ್ನೇ ಹಿಡಿದರೂ, ಬಾಟಲಿ ಹಿಡಿದವರಿಗೂ ನಂಟಿಗೂ ಏನು? ಹಾಲು ಯಾರದು? ಅಜ್ಜಿ ಇದ್ದರೂ ತಾಯಿ ನೀನೇ.

ಈ ಕಾನೂನಿನ ಪರ ಟೀವಿಯಲ್ಲಿ ಮಾತಾಡಿದವಳು ನಾನು. ಹಾಗೆಂದು ನನಗೆ ನಿದ್ದೆ ಚೆನ್ನಾಗಿ ಬರುತ್ತದೆ ಅಂದುಕೊಳ್ಳಬೇಡ. ಗಡುವು ಹತ್ತಿರವಾದಂತೆ ಜನ ಪ್ರಾಣಿಗಳನ್ನು ಕತ್ತಲಲ್ಲಿ ಮರಳುಗಾಡಿಗೆ ಬಿಟ್ಟು ಓಡುತ್ತಿದ್ದಾರೆ. ಹೋದ ವಾರ ಹೆದ್ದಾರಿಯ ಬದಿಯಲ್ಲಿ ಒಂದು ಸಿಂಹದ ಮರಿ ಸಿಕ್ಕಿತು. ಕೊರಳಲ್ಲಿ ಮುತ್ತಿನ ಪಟ್ಟಿ. ನೀರು ಕೊಟ್ಟರೂ ಉಳಿಯಲಿಲ್ಲ. ಕಾನೂನು ಇಲ್ಲದಿದ್ದರೆ ಅದು ಇನ್ನೂ ಯಾರದೋ ಸೋಫಾದ ಮೇಲೆ ಇರುತ್ತಿತ್ತೋ ಏನೋ. ಕಾನೂನು ಇಲ್ಲದಿದ್ದರೆ ನಾಳೆ ಇನ್ನೂ ನೂರು ಮರಿಗಳನ್ನು ಪೆಟ್ಟಿಗೆಯಲ್ಲಿ ತುಂಬುತ್ತಾರೆ ಎಂಬುದೂ ನಿಜ. ಎರಡೂ ನಿಜವಾದಾಗ ಏನು ಮಾಡಬೇಕೆಂದು ನಮ್ಮ ಕಾಲೇಜಿನಲ್ಲಿ ಕಲಿಸಲಿಲ್ಲ.

ನನ್ನ ಮನೆಯ ವಿಳಾಸವನ್ನು ಈ ಹಾಳೆಯ ಹಿಂಬದಿಗೆ ಬರೆದಿದ್ದೇನೆ. ಅಂಚೆಗೆ ಕಾಯಲಾಗದ ಹೊತ್ತಿಗೆ.

ಮೌಜಾ


ರಾಸ್ ಅಲ್ ಖೈಮಾ
ಮೇ ೧೨

ಮೌಜಾ,

ಮೊದಲೇ ಹೇಳಿಬಿಡುತ್ತೇನೆ, ಸುಹೈಲ್ ಚೆನ್ನಾಗಿದ್ದಾನೆ. ಪಕ್ಕದಲ್ಲೇ ಮಲಗಿದ್ದಾನೆ. ಮೊಣಕಾಲ ಕೆಳಗೆ ಒಂದು ಗೀರು, ಅಷ್ಟೇ. ಅಲ್‌ಹಮ್ದುಲಿಲ್ಲಾಹ್, ಸಾವಿರ ಸಲ.

ಅವನು ನಡೆಯತೊಡಗಿದ್ದಾನೆ. ನಿನ್ನ ಮಾತಿನಂತೆ ಅಂಗಳಕ್ಕೆ ಅಡ್ಡ ಬೇಲಿ ಹಾಕಿಸಿದ್ದೆ. ಹುಮೈದ್ ಆಡಿಕೊಳ್ಳುತ್ತಿದ್ದ: "ನಿನ್ನ ಗೆಳತಿ ಕಾಗದ ಬರೆದ್ಳು ಅಂತ ಅಣ್ಣತಂಗಿ ನಡುವೆ ಗೋಡೆ ಕಟ್ತೀಯಲ್ಲೇ." ಆಡಿಕೊಂಡರೂ, ಅವರಿಬ್ಬರೂ ಹೊರಗಿದ್ದಾಗ ತಾನು ಅಲ್ಲೇ ಎಲ್ಲಾದರೂ ಸುಳಿದಾಡುತ್ತಿದ್ದ. ಅದನ್ನು ನಾನು ಗಮನಿಸಿದ್ದೆ.

ನಿನ್ನೆ ಮಧ್ಯಾಹ್ನದ ನಮಾಜಿನ ನಂತರ ಅತ್ತೆ ಖರ್ಜೂರದ ತಟ್ಟೆ ಹಿಡಿದು ಬರುವಾಗ ಬೇಲಿಯ ಅಗುಳಿ ಹಾಕಲಿಲ್ಲ. ಸುಹೈಲ್ ಚೆಂಡಿನ ಹಿಂದೆ ಅಂಗಳದ ಉದ್ದಕ್ಕೂ ಓಡಿದ. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ರೀಮಾ ನೆರಳಲ್ಲಿ ಮಲಗಿದ್ದಳು. ಅವಳ ತಲೆ ಎದ್ದಿತು. ಮೈ ನೆಲಕ್ಕೆ ಅಂಟಿತು. ಅಷ್ಟು ದಿನ ನೋಡಿದ ಮುಖ ಅದಲ್ಲ ಮೌಜಾ, ಕೋಪವೂ ಅಲ್ಲ. ನಾವ್ಯಾರೂ ಅವಳಿಗೆ ಕಾಣುತ್ತಿರಲಿಲ್ಲ. ನಾನು ಕೂಗುವಷ್ಟರಲ್ಲಿ ಅವಳು ಮಗುವಿನ ಹಿಂದೆ ಇದ್ದಳು. ಒಂದು ಪಂಜ ಬೀಸಿ ಅವನ ಕಾಲು ತೊಡರಿಸಿದಳು. ಅವನು ಬೋರಲು ಬಿದ್ದ.

ಹುಮೈದ್ ಎಲ್ಲಿದ್ದನೋ, ಅವಳ ಮೇಲೆಯೇ ಬಿದ್ದ. ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದು ನೆಲಕ್ಕೆ ಒತ್ತಿಕೊಂಡ. ಅವಳು ಕಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಕೈಯಡಿಯಲ್ಲೇ ಚೀಂವ್ ಚೀಂವ್ ಅಂದಳು, ತಾನೇನು ಮಾಡಿದೆ ಎಂದು ನಮ್ಮನ್ನೇ ಕೇಳುವವಳಂತೆ.

"ಆಟ ಆಡ್ತಿದ್ಲು" ಎಂದ ಹುಮೈದ್. ಕೊರಳಪಟ್ಟಿ ಮಾತ್ರ ಬಿಡಲಿಲ್ಲ. "ಆಟ ಆಡ್ತಿದ್ಲು ಕಣೇ."

ಸಂಜೆ ಮಗುವಿನ ಕಾಲಿಗೆ ಮುಲಾಮು ಹಚ್ಚುವಾಗ ಪಕ್ಕ ಬಂದು ಕೂತ. ಗೀರಿನ ಪಕ್ಕ ಬೆರಳಾಡಿಸುತ್ತ ಕೇಳಿದ, "ಆಟ ಅಲ್ಲ, ಅಲ್ವಾ?"

ನಿನ್ನ ಫೆಬ್ರವರಿಯ ಕಾಗದವನ್ನು ತೆಗೆದು ಅವನ ಕೈಗಿಟ್ಟೆ.

ನೀನು ಆ ಮಾತು ಬರೆಯದೆ ಇದ್ದಿದ್ದರೆ ಅವನು ಆ ಅಂಗಳದಲ್ಲಿ ಸುಳಿದಾಡುತ್ತಿರಲಿಲ್ಲ. ನನ್ನ ಮಗ ಉಸಿರಾಡುವ ಸದ್ದು ಕೇಳುತ್ತ ಇದನ್ನು ಬರೆಯುತ್ತಿದ್ದೇನೆ. ಈ ಸದ್ದು ನಿನ್ನದು.

ಅಫ್ರಾ


ರಾಸ್ ಅಲ್ ಖೈಮಾ
ಜೂನ್ ೧೫, ಗುರುವಾರ
ಇಫ್ತಾರ್ ಆದಮೇಲೆ

ಮೌಜಾ,

ಈ ಕಾಗದವನ್ನು ನಮ್ಮ ಡ್ರೈವರ್ ಕೋಯಾ ನಿನ್ನ ಕೈಗೇ ಕೊಡುತ್ತಾನೆ. ಅವನಿಗೆ ಒಂದು ಲೋಟ ಚಹಾ ಕೊಡು, ದಾರಿ ಉದ್ದ. ರಂಜಾನ್ ಆದ್ದರಿಂದ ನೀವೂ ಬೆಳಗಿನ ಜಾವದ ಸಹರಿ ಊಟದವರೆಗೆ ಎದ್ದೇ ಇರುತ್ತೀರಿ ಎಂಬ ಧೈರ್ಯದ ಮೇಲೆ ಕಳಿಸುತ್ತಿದ್ದೇನೆ.

ಅಂಗಳದಲ್ಲಿ ಹಾಗಾದ ಮೇಲೆ ಹುಮೈದ್ ರೀಮಾಳನ್ನು ಹಿತ್ತಲ ಕೋಣೆಗೆ ಸೇರಿಸಿ, ತಾನೂ ಅಲ್ಲೇ ಮಲಗತೊಡಗಿದ. ಮೊನ್ನೆ ಕೇಳಿದ, "ಆ ಬೇಲಿ ಎಷ್ಟು ದೊಡ್ಡದಂತೆ?" ನನಗೆ ಕಣ್ಣಲ್ಲಿ ನೀರು ಬಂತು. ಗಡುವು ಇನ್ನೂ ಮುಗಿದಿಲ್ಲ, ಶುಕ್ರ ಶನಿ ರಜೆ ಕಳೆದು ಭಾನುವಾರ ಕಚೇರಿ ತೆರೆದ ಮೇಲೆ ನಿಮ್ಮ ಕೇಂದ್ರಕ್ಕೆ ತಿಳಿಸೋಣ ಎಂದು ನಾವಿಬ್ಬರೇ ಮಾತಾಡಿಕೊಂಡೆವು.

ಒಬೈದ್ ಭಾವನಿಗೆ ಹೇಗೋ ಸುಳಿವು ಸಿಕ್ಕಿತು. ಇವತ್ತು ಇಫ್ತಾರಿಗೆ ಬಂದವರು ತಟ್ಟೆಯ ಮುಂದೆಯೇ ಶುರುಮಾಡಿದರು.

"ಹೆಂಡತಿ ಗೆಳತಿ ಮಾತು ಕೇಳಿ ಸರ್ಕಾರದ ಮುಂದೆ ಮಂಡಿ ಊರ್ತೀಯೇನೋ? ನಾಳೆ ಬೆಳಗಾಗ್ತಿದ್ದ ಹಾಗೆ ಫಜರ್ ನಮಾಜ್ ಆದ ತಕ್ಷಣ ಪಿಕಪ್ ತರ್ತೀನಿ. ನನ್ನ ಬೆಟ್ಟದ ತೋಟದಲ್ಲಿರ್ತಾಳೆ. ಅಲ್ಲಿಗೆ ಯಾವ ಅಧಿಕಾರಿ ಹತ್ತಿ ಬರ್ತಾನೆ ನೋಡೋಣ."

ಅವರ ತೋಟ ನನಗೆ ಗೊತ್ತು. ತಗಡಿನ ಶೆಡ್ಡು. ಹೋದ ಬೇಸಿಗೆಯಲ್ಲಿ ಅವರ ಎರಡು ಕೋತಿಗಳು ಅದರೊಳಗೇ ಬೆಂದು ಸತ್ತವು. ಈ ಬಿಸಿಲಿಗೆ ರೀಮಾ ಅಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಸಿಕ್ಕಿಬಿದ್ದರೆ ಜೈಲಿಗೆ ಹೋಗುವವನು ಹುಮೈದ್, ಮರಿ ತಂದವನು ಅವನೇ ತಾನೇ. ಆದರೆ ಮಾವ ತೀರಿಕೊಂಡ ಮೇಲೆ ಹಿರಿಯಣ್ಣನ ಮಾತಿಗೆ ಇಲ್ಲ ಅಂದವನಲ್ಲ ಇವನು. ತಲೆ ತಗ್ಗಿಸಿಕೊಂಡು ಅನ್ನ ಕಲಸುತ್ತ ಕೂತ.

ಭಾವ ಹೋದ ಮೇಲೆ ನಾನು ಅತ್ತೆಯ ಕೋಣೆಗೆ ಹೋದೆ. ಜಪಮಣಿ ಹಿಡಿದು ಕೂತಿದ್ದರು. ಎಲ್ಲಿಂದ ಧೈರ್ಯ ಬಂತೋ, "ಅತ್ತೆ, ಬಾಟಲಿ ಹಿಡಿದಿದ್ದು ನೀವು. ಹಾಲು ನಂದು" ಅಂದೆ.

"ಯಾರು ಇಲ್ಲ ಅಂದ್ರು?"

"ಹಾಗಾದ್ರೆ ರೀಮಾಗೆ ನಾನೇ ತಾಯಿ. ಮಗಳು ಎಲ್ಲಿಗೆ ಹೋಗ್ಬೇಕು ಅಂತ ಹೇಳೋಕೆ ತಾಯಿಗೆ ಬಾಯಿಲ್ವಾ? ಆ ತಗಡಿನ ಶೆಡ್ಡಿಗೆ ನಾನು ಕೊಡಲ್ಲ."

ಬೈಯುತ್ತಾರೆಂದು ಕಾದೆ. ಮಣಿಗಳು ಒಂದು ಸುತ್ತು ಬಂದವು.

"ಸುಹೈಲನ ಬೇಲಿ ಅಗುಳಿ ಹಾಕದೆ ಬಂದೋಳು ನಾನು" ಎಂದರು. "ಅವತ್ತಿಂದ ನಂಗೂ ನಿದ್ದೆ ಇಲ್ಲ ಮಗಳೇ. ನೀನೊಬ್ಳೇ ಅಂದ್ಕೋಬೇಡ." ಆಮೇಲೆ ಕಣ್ಣೊರೆಸಿಕೊಂಡು, ತಮ್ಮ ಎಂದಿನ ದನಿಯಲ್ಲಿ: "ಬೆಳೆದ ಹೆಣ್ಣು ಹೋಗ್ಬೇಕಾದ್ದೇ. ಇಟ್ಕೊಂಡು ಉಪ್ಪು ಹಾಕ್ತೀವಾ? ಆದ್ರೆ ಕೇಳೋರು ಕೇಳ್ಬೇಕು. ಪೊಲೀಸ್ ವ್ಯಾನ್ ಬಂದು ಎತ್ತಾಕ್ಕೊಂಡು ಹೋಗೋಕೆ ಇದೇನು ಕಳ್ಳರ ಮನೆಯಾ?"

"ಯಾರು ಕೇಳ್ಬೇಕು ಅತ್ತೆ?"

"ಆ ಟೀವಿ ಡಾಕ್ಟರಿಗೆ ಅಮ್ಮ ಇದಾಳಲ್ಲ, ಅವಳು ನನ್ನ ಹತ್ರ ಕೇಳ್ಲಿ. ಹೆಣ್ಣು ಕೇಳೋದು ಹೆಂಗಸರು ಹೆಂಗಸರನ್ನ. ಒಬ್ರು ಕೇಳಿ, ಮಾತು ನಡೀತಿರುವಾಗ ಅದರ ಮೇಲೆ ಇನ್ನೊಬ್ಬ ಬಂದು ಕೇಳೋ ಹಾಗಿಲ್ಲ. ಧರ್ಮದಲ್ಲೇ ಇಲ್ಲ. ಒಬೈದ್ ನನ್ನ ಹೊಟ್ಟೇಲಿ ಹುಟ್ಟಿದೋನು, ಅಷ್ಟು ತಿಳಿಯಲ್ವಾ ಅವನಿಗೆ? 'ಬೇರೆ ಕಡೆ ಮಾತಾಗಿದೆ ಮಗಾ' ಅಂತ ನಾನೇ ಬಾಗಿಲಲ್ಲಿ ನಿಂತು ಹೇಳ್ತೀನಿ. ಇಬ್ರು ಮಕ್ಕಳಲ್ಲಿ ಒಬ್ಬನ್ನ ಸೋಲಿಸಿದೆ ಅಂತ ಆಗಲ್ಲ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹುಮೈದನಿಗೆ ಹೇಳಿದೆ. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು, ನಗುತ್ತಿದ್ದಾನೆ ಎಂದುಕೊಂಡೆ. ನಗುತ್ತಿರಲಿಲ್ಲ. "ಅವರು ಕೇಳಿದ್ರೆ ಕೊಡೋಣ" ಎಂದ.

ಆದರೆ ಕೇಳದೆ ಇದ್ದರೆ ಅವನಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಅತ್ತೆ ಸುಳ್ಳು ಹೇಳುವವರಲ್ಲ, ಅದೂ ಉಪವಾಸದ ತಿಂಗಳಲ್ಲಿ. ಮಾತಾಗದೆ ಮಾತಾಗಿದೆ ಅನ್ನುವುದಿಲ್ಲ. ಕೇಂದ್ರದ ನಂಬರಿಗೆ ಮಾಡಿದೆ, ಕಚೇರಿ ಮುಚ್ಚಿದೆ ಎಂದು ಯಂತ್ರ ಹೇಳಿತು. ನಿನ್ನ ನಂಬರ್ ನನ್ನ ಬಳಿ ಇಲ್ಲ. ನೀನು ಯಾಕೆ ಕೊಡಲಿಲ್ಲವೆಂದು ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಒಂದಿಷ್ಟೂ ಬೇಸರವಿಲ್ಲ. ಈ ಐದು ತಿಂಗಳಲ್ಲಿ ನೀನು ನನಗೆ ಏನೇನು ಕೊಟ್ಟೆ ಎಂದು ಎಣಿಸಲು ಕೂತರೆ ಕೋಯಾ ಹೊರಡುವುದೇ ಇಲ್ಲ. ರೀಮಾಳ ಕಾಲು ಕೊಟ್ಟೆ, ನನ್ನ ಮಗನನ್ನು ಕೊಟ್ಟೆ. ಇನ್ನೂ ಕೇಳಲು ನನಗೆ ನಾಚಿಕೆ ಇಲ್ಲ, ನೋಡು.

ನಿನ್ನ ಅಮ್ಮನಿಗೆ ಫೋನ್ ಕೊಡು. ಕೇಂದ್ರ, ಕಾನೂನು, ಗಡುವು ಯಾವುದರ ಹೆಸರನ್ನೂ ಎತ್ತುವುದು ಬೇಡ. ಮೊದಲು ಉಪವಾಸ ಹೇಗೆ ನಡೆದಿದೆ ಎಂದು ವಿಚಾರಿಸಲಿ, ಅತ್ತೆಯ ಮಂಡಿನೋವು ಕೇಳಲಿ. ಆಮೇಲೆ, ನಿಮ್ಮ ಮನೆಯ ಹೆಣ್ಣನ್ನು ನಮ್ಮ ಮನೆಗೆ ಕೊಡುತ್ತೀರಾ ಎಂದು ಕೇಳಲಿ. ಅತ್ತೆ ತಕ್ಷಣ ಹೂಂ ಅನ್ನುವುದಿಲ್ಲ, ಸ್ವಲ್ಪ ಬಿಗುಮಾನ ಮಾಡುತ್ತಾರೆ. ನಿಮ್ಮ ಕಡೆ ನೀರಿದೆಯಾ, ನೆರಳಿದೆಯಾ, ಜೊತೆಗಿರುವವರು ಎಂಥವರು ಎಂದು ಕೇಳುತ್ತಾರೆ. ಇದ್ದದ್ದನ್ನೇ ಹೇಳಿ. ಬೇಲಿ ಇದೆ ಅಂತಲೂ ಹೇಳಿ. ನೀನು ಹಿಂದಿನಿಂದ ನಗಬೇಡ, ಅವರ ಕಿವಿ ಚುರುಕು. ಆಮೇಲೆ ನೀನೇ ಬಂದು ಅವಳನ್ನು ಕರೆದುಕೊಂಡು ಹೋಗು, ಯಾವತ್ತಾದರೂ ಸರಿ. ಮಾತೊಂದು ಆಗಿಬಿಟ್ಟರೆ ಅಲ್ಲಿಯವರೆಗೆ ಹುಮೈದ್ ಅವಳನ್ನು ಯಾರಿಗೂ ಮುಟ್ಟಗೊಡುವುದಿಲ್ಲ.

ನಿನ್ನ ಫೋನಿನಿಂದ ಮಾಡಲು ಭಯವಾದರೆ ಕೋಯಾನ ಫೋನಿನಿಂದ ಮಾಡು, ಅವನಿಗೆ ಹೇಳಿದ್ದೇನೆ. ಅತ್ತೆಯ ನಂಬರನ್ನು ಲಕೋಟೆಯ ಮೇಲೆ ದೊಡ್ಡದಾಗಿ ಬರೆದಿದ್ದೇನೆ. ಅವರು ಫೋನನ್ನು ಮಡಿಲಲ್ಲಿ ಇಟ್ಟುಕೊಂಡು, ಒಳ್ಳೆಯ ಶಾಲು ಹೊದ್ದು ಕೂತಿದ್ದಾರೆ. ಫೋನಿನಲ್ಲಿ ಶಾಲು ಕಾಣುವುದಿಲ್ಲ ಅಂದರೆ, "ನಂಗೆ ಕಾಣುತ್ತಲ್ಲ" ಅನ್ನುತ್ತಾರೆ. ಹಿತ್ತಲ ಕೋಣೆಯಲ್ಲಿ ಹುಮೈದ್ ಅವಳ ಕುತ್ತಿಗೆ ನೀವುತ್ತ ಬಾಗಿಲ ಕಡೆಗೇ ನೋಡುತ್ತಿದ್ದಾನೆ. ಒಬೈದ್ ಭಾವ ಹೇಳಿದ ಹೊತ್ತಿಗೆ ತಪ್ಪದೆ ಬರುವವರು.

ನನ್ನ ಹತ್ತಿರ ಮಾತಾಡದಿದ್ದರೂ ಪರವಾಗಿಲ್ಲ. ಆದರೆ ಬೆಳಗಾಗುವ ಮೊದಲು ಫೋನ್ ಮಾಡಿಸೇ ಮೌಜಾ, ದಮ್ಮಯ್ಯ ಅನ್ನುತ್ತೇನೆ, ಬೆಳಗಾಗುವ ಮೊದಲು.

ನಿನ್ನ
ಅಫ್ರಾ